ಹಳೇ ಆಸ್ಪತ್ರೆ ಬಾಕಿಗೆ 1915: ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ

ಡಿಸ್ಚಾರ್ಜ್ ಆಗಿ ವರ್ಷಗಳೇ ಕಳೆದ ಮೇಲೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ಹೆಸರು ಹೇಳಿ ವಸೂಲಿಯವರು ಫೋನ್ ಮಾಡಿದರೆ, ಸುತ್ತಲಿನವರೆಲ್ಲ ಕೊಡುವ ಸಲಹೆ ಒಂದೇ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹಾಕಿ. ಅರ್ಧ ಸರಿ.

ದುಡ್ಡಿಲ್ಲ, ವಕೀಲರು ಬೇಡ, ಕನ್ನಡದಲ್ಲೇ ದೂರು ಹೇಳಬಹುದು. ದಾಖಲಾದ ಕೂಡಲೇ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಸಿಗುತ್ತದೆ. ಆದರೆ ಇದು ಕೋರ್ಟಲ್ಲ. ಬಿಲ್ ರದ್ದು ಮಾಡಿ ಎಂದು ಆದೇಶಿಸುವ ಅಧಿಕಾರ ಇದಕ್ಕಿಲ್ಲ, ದೂರನ್ನು ಆಸ್ಪತ್ರೆಗೆ ಕಳಿಸಿ ಉತ್ತರ ಕೇಳುತ್ತದೆ ಅಷ್ಟೇ. ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮ್ ಇಮೇಲನ್ನೇ ತೆರೆಯದಿದ್ದರೆ ದೂರು ಅಲ್ಲೇ ಕೊಳೆಯುತ್ತದೆ.

ಹಾಗಾಗಿ 'ಬಾಕಿ ಮನ್ನಾ ಮಾಡಿಸಿ' ಎಂದು ಬರೆಸಬೇಡಿ, ಕಾಗದ ಕೇಳಿ. ಐಟಂವಾರು ಬಿಲ್, ಕಟ್ಟಿದ ಅಡ್ವಾನ್ಸ್‌ನ ಲೆಕ್ಕ, ಟಿಪಿಎಯ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಅಂತಿಮ ಅಪ್ರೂವಲ್ ಪತ್ರ, ವಸೂಲಿಯನ್ನು ಏಜೆನ್ಸಿಗೆ ಒಪ್ಪಿಸಿದ ಪತ್ರ, ಈ ನಾಲ್ಕು ಸಾಕು. ಇಂಥ ಬಾಕಿಯ ಬೇರು ಹೆಚ್ಚಾಗಿ ಇರುವುದು ಕ್ಯಾಶ್‌ಲೆಸ್‌ನಲ್ಲಿ, ಅಂದರೆ ವಿಮೆಯವರೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆಯಲ್ಲಿ. ಗ್ಲೌಸ್, ರಿಜಿಸ್ಟ್ರೇಷನ್ ಫೀ ಅಂತ ವಿಮೆಯವರು ಕಡಿತ ಮಾಡಿರುತ್ತಾರೆ. ಪಾಲಿಸಿಯ ರೂಮ್ ಬಾಡಿಗೆ ಮಿತಿ ₹4,000 ಇದ್ದು ₹6,000ದ ರೂಮ್ ಹಿಡಿದಿದ್ದರೆ, ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ್ ಫೀಸಿನಂಥ ಖರ್ಚಿಗೂ ಮೂರರಲ್ಲಿ ಎರಡು ಪಾಲಷ್ಟೇ ಕೊಡುತ್ತಾರೆ. ಅದು ರೋಗಿಯ ತಲೆಗೇ ಬರುತ್ತದೆ. ಆದರೆ ಟಿಪಿಎ ಜೊತೆ ಒಪ್ಪಿದ ದರಕ್ಕಿಂತ ಹೆಚ್ಚು ಹಾಕಿದ್ದಕ್ಕೆ ಕಡಿತವಾಗಿದ್ದರೆ ಅದು ಆಸ್ಪತ್ರೆಯ ತಲೆನೋವು. ಯಾವುದು ಎಂದು ತಿಳಿಯುವುದು ಆ ಅಪ್ರೂವಲ್ ಪತ್ರದಿಂದಲೇ.

ಏಜೆಂಟರ ಮಾಮೂಲಿ ಮಾತು: "ಸಾರ್, ಸದ್ಯಕ್ಕೊಂದು ಐನೂರು ಹಾಕ್ಬಿಡಿ, ಫೈಲ್ ಕ್ಲೋಸ್ ಮಾಡಿಸ್ತೀನಿ." ಹಾಕಬೇಡಿ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ದಾವೆ ಹೂಡಲು 3 ವರ್ಷ ಗಡುವು. ಆ ಗಡುವಿನೊಳಗೆ ಸ್ವಲ್ಪ ಹಣ ಕಟ್ಟಿದರೂ, ಬಾಕಿ ಇದೆ ಎಂದು ಸಹಿ ಮಾಡಿಕೊಟ್ಟರೂ ಲೆಕ್ಕ ಹೊಸದಾಗಿ ಶುರು. ಗಡುವು ಮುಗಿದಿದ್ದರೂ 'ಕಟ್ಟುತ್ತೇನೆ' ಎಂದು ಬರೆದು ಸಹಿ ಹಾಕಿದರೆ ಅದೇ ಹೊಸ ಕರಾರು. 1915ಕ್ಕೆ ಬರೆಯುವಾಗಲೂ 'ನನ್ನ ಬಾಕಿ' ಎನ್ನದೆ 'ಅವರು ಬಾಕಿ ಎನ್ನುತ್ತಿರುವ ಮೊತ್ತ' ಎಂದೇ ಬರೆಯಿರಿ. ಇನ್ನೊಂದು: 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದೂ 3 ವರ್ಷವೇ, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ಹಳೆಯದಾದರೆ ಬಿಲ್ಲಿಗೆ ಆಧಾರ ತೋರಿಸಲು ಅವರೇ ತಡಕಾಡಬೇಕಾದೀತು.

'ಸಿಬಿಲ್ (ಸಾಲ ಮರುಪಾವತಿಯ ದಾಖಲೆ ಇಡುವ ಸಂಸ್ಥೆಯ ಅಂಕ) ಹಾಳಾಗುತ್ತೆ' ಎಂಬ ಬೆದರಿಕೆ? ಆಸ್ಪತ್ರೆ ಸಾಲ ಕೊಡುವ ಸಂಸ್ಥೆಯಲ್ಲ, ನೇರವಾಗಿ ಸಿಬಿಲ್‌ಗೆ ವರದಿ ಮಾಡಲಾರದು. ಆದರೆ ಅಡ್ಮಿಷನ್ ಹೊತ್ತಿನಲ್ಲಿ ಫೈನಾನ್ಸ್ ಕಂಪನಿಯ ಇಎಂಐ ಫಾರಂಗೆ ಸಹಿ ಬಿದ್ದಿದ್ದರೆ ಕಥೆಯೇ ಬೇರೆ, ಅದು ಸಾಲ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತೆಗೆದು ನೋಡಿ. ಸಾಲವಾದರೆ 1915 ಸರಿಯಾದ ಬಾಗಿಲಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಮಾಹಿತಿಗೆ 14448. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಬಂದ ವಸೂಲಿ ಕರೆಗಳ ಸ್ಕ್ರೀನ್‌ಶಾಟನ್ನೂ ಲಗತ್ತಿಸಿ. ಬ್ಯಾಂಕು, ಫೈನಾನ್ಸ್‌ಗಳ ಏಜೆಂಟರು ಆ ಹೊತ್ತಿನಲ್ಲಿ ಕರೆ ಮಾಡುವಂತಿಲ್ಲ.

1915ರಿಂದ ಉತ್ತರ ಬರದಿದ್ದರೆ ಎರಡು ದಾರಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ; ಅರ್ಜಿಯನ್ನು ಡಿಎಚ್ಓ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಇಲ್ಲವೇ ಮೈಸೂರು ಅಥವಾ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗ. ಆಸ್ಪತ್ರೆಗೆ ಕಟ್ಟಿದ ಮೊತ್ತ ₹5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ತಕರಾರು ಹುಟ್ಟಿ 2 ವರ್ಷದೊಳಗೆ ಹೋಗಬೇಕು; 1915ರಲ್ಲಿ ದೂರು ಬಾಕಿ ಇದೆ ಎಂದು ಆ 2 ವರ್ಷ ನಿಂತು ಕಾಯುವುದಿಲ್ಲ.