ಸ್ಪೇನಿನ ಆಲಿವ್ ಎಣ್ಣೆ ಲೆಕ್ಕ: ಐಕಾ ಮಾಸಿಕ ವರದಿಯನ್ನು ಓದುವ ಬಗೆ

ಸ್ಪೇನಿನಲ್ಲಿ ಆಲಿವ್ ಎಣ್ಣೆ ಎಷ್ಟಿದೆ, ಎಷ್ಟು ಖಾಲಿಯಾಗುತ್ತಿದೆ ಎಂದು ತಿಳಿಯಲು ಐಕಾ ಮಾಸಿಕ ವರದಿಯಷ್ಟು ಗಟ್ಟಿಯಾದ ಮೂಲ ಸಿಗುವುದು ಕಷ್ಟ. ಅದೂ ಪುಕ್ಕಟೆ. ಐಕಾ ಎಂದರೆ ಅಲ್ಲಿನ ಕೃಷಿ ಸಚಿವಾಲಯದ ಅಡಿಯಲ್ಲಿರುವ ಆಹಾರ ಮಾಹಿತಿ ಮತ್ತು ನಿಯಂತ್ರಣ ಸಂಸ್ಥೆ. 2013ರ ಕಾನೂನಿನಿಂದ ಹುಟ್ಟಿದ್ದು. ಗಾಣಗಳು, ಪ್ಯಾಕಿಂಗ್ ಘಟಕಗಳು, ರಿಫೈನರಿಗಳು ಪ್ರತಿ ತಿಂಗಳೂ ಬಂದದ್ದು, ಹೋದದ್ದು, ಉಳಿದದ್ದನ್ನು ಬರೆದುಕೊಡಲೇಬೇಕು. ಅಕ್ಟೋಬರ್‌ನಲ್ಲಿ ಸ್ಪೇನಿನ ದಕ್ಷಿಣದ ಆಲಿವ್ ಪ್ರಾಂತ್ಯವಾದ ಆಂದಲೂಸಿಯಾದ ಸರ್ಕಾರ ಹೇಳುವ ಫಸಲು ಮರದ ಮೇಲಿನ ಕಾಯಿ ನೋಡಿ ಹಾಕಿದ ಅಂದಾಜು. ಐಕಾ ಕೊಡುವುದು ಗಾಣದಿಂದ ಇಳಿದ ಎಣ್ಣೆಯ ಲೆಕ್ಕ. ಎರಡನ್ನೂ ಒಂದೇ ಕೋಷ್ಟಕಕ್ಕೆ ತುಂಬಿದರೆ ಮೊದಲ ದಿನವೇ ದಾರಿ ತಪ್ಪುತ್ತದೆ.

ಇಲ್ಲಿ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ, ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಹೆಚ್ಚಿನವರು ಉತ್ಪಾದನೆಯ ಸಾಲು ನೋಡಿ ಪುಟ ಮುಚ್ಚುತ್ತಾರೆ. ಆ ಸಾಲು ಏರಿಳಿತದ ಕಥೆಯನ್ನು ಹೇಳುತ್ತದೆ, ನಿಜ. 2012–13ರಲ್ಲಿ ಸುಮಾರು 6.2 ಲಕ್ಷ ಟನ್, ಮರುವರ್ಷ 17.8 ಲಕ್ಷ, ಅದರ ಮರುವರ್ಷ 8.4 ಲಕ್ಷ. ಮಾವಿನ ಹಾಗೆ ಆಲಿವ್ ಮರದಲ್ಲೂ ಒಂದು ವರ್ಷ ಕಾಯಿ ಹೆಚ್ಚು, ಮರುವರ್ಷ ಕಡಿಮೆ. ಮಳೆ ಕೈಕೊಟ್ಟರೆ ಕಡಿಮೆ ಕಾಯಿಯ ವರ್ಷ ಇನ್ನೂ ಬಡವಾಗುತ್ತದೆ. 2022 ಮತ್ತು 2023ರಲ್ಲಿ ಬರದ ಜೊತೆಗೆ ಹೂ ಕಟ್ಟುವ ಹೊತ್ತಿನಲ್ಲೇ ಬಿಸಿಲು ಬಡಿಯಿತು. 2021–22ರಲ್ಲಿ 14.9 ಲಕ್ಷ ಟನ್ ಇದ್ದದ್ದು ಮರುವರ್ಷ 6.66 ಲಕ್ಷಕ್ಕೆ ಕುಸಿಯಿತು.

ಆದರೆ ವರದಿಯ ನಿಜವಾದ ಬೆಲೆ ಇರುವುದು ಅದರ ಪಕ್ಕದ ಸಾಲಿನಲ್ಲಿ, ಅಂದರೆ ಆರಂಭದ ದಾಸ್ತಾನಿನಲ್ಲಿ. 2023–24ರಲ್ಲಿ ಉತ್ಪಾದನೆ ಸುಮಾರು 8.5 ಲಕ್ಷ ಟನ್ನಿಗೆ ಏರಿತು. ಹಾಗಿದ್ದರೂ 2024ರ ಜನವರಿಯಲ್ಲಿ ಗಾಣದ ಬಾಗಿಲಲ್ಲೇ ಎಕ್ಸ್ಟ್ರಾ ವರ್ಜಿನ್, ಅಂದರೆ ಅತ್ಯುತ್ತಮ ದರ್ಜೆಯ ಎಣ್ಣೆ, ಕಿಲೋಗೆ 9 ಯೂರೋ ಆಸುಪಾಸು ಮುಟ್ಟಿತು. ಯಾಕೆ? ಹಿಂದಿನ ವರ್ಷ ಶುರುವಾದಾಗ ಟ್ಯಾಂಕುಗಳಲ್ಲಿ ಸುಮಾರು 4.5 ಲಕ್ಷ ಟನ್ ಇತ್ತು. 2023–24 ಶುರುವಾದಾಗ ಸುಮಾರು 2.5 ಲಕ್ಷ. ಆಮದು ಬಿಟ್ಟು ಕೂಡಿಸಿ ನೋಡಿ, ಎರಡೂ ವರ್ಷ ಕೈಗೆ ಬಂದದ್ದು 11 ಲಕ್ಷದ ಹತ್ತಿರ. ಫಸಲು ಹೆಚ್ಚಿತು, ಪೂರೈಕೆ ಹೆಚ್ಚಲಿಲ್ಲ. 2024ರ ಅಕ್ಟೋಬರ್‌ನಲ್ಲಿ ದಾಸ್ತಾನು 2 ಲಕ್ಷಕ್ಕೂ ಕೆಳಗಿಳಿದಿತ್ತು. ಆದರೆ 2024–25ರಲ್ಲಿ ಫಸಲೇ 14 ಲಕ್ಷ ದಾಟಿದ್ದರಿಂದ ಧಾರಣೆ 4 ಯೂರೋಗಿಂತ ಕೆಳಗೆ ಬಂತು.

ಲೆಕ್ಕ ಹಾಕುವುದು ಹೀಗೆ: ಆರಂಭದ ದಾಸ್ತಾನು, ಉತ್ಪಾದನೆ, ಆಮದು ಕೂಡಿಸಿ, ತಿಂಗಳ ಕೊನೆಯ ದಾಸ್ತಾನು ಕಳೆಯಿರಿ. ಬರುವುದೇ ಹೊರಹೋದ ಎಣ್ಣೆ. ಅದನ್ನು ಅಕ್ಟೋಬರ್‌ನಿಂದ ಈವರೆಗೆ ಎಷ್ಟು ತಿಂಗಳಾಯಿತೋ ಆ ಸಂಖ್ಯೆಯಿಂದ ಭಾಗಿಸಿ. ಒಳ್ಳೆಯ ವರ್ಷದಲ್ಲಿ ತಿಂಗಳಿಗೆ 1.1ರಿಂದ 1.3 ಲಕ್ಷ ಟನ್ ಹೋಗುತ್ತದೆ; ಬೆಲೆ ಏರಿದ ವರ್ಷಗಳಲ್ಲಿ 85 ಸಾವಿರದ ಸುತ್ತ ಇಳಿದಿತ್ತು. ಉಳಿದ ದಾಸ್ತಾನನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಹೊಸ ಎಣ್ಣೆ ಬರುವವರೆಗೆ ಸಾಕಾಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಎಡವುವ ಜಾಗಗಳೂ ಇವೆ. ವರದಿ ಪೂರ್ತಿ ಸ್ಪ್ಯಾನಿಷ್‌ನಲ್ಲಿದೆ. ಅದಕ್ಕಿಂತ ತೊಂದರೆ ಕೊಡುವುದು ಅದರ ಅಲ್ಪವಿರಾಮ. ಅಲ್ಲಿ ಚುಕ್ಕಿ ಸಾವಿರದ ಗುರುತು, ಅಲ್ಪವಿರಾಮ ದಶಮಾಂಶ. ಸಾವಿರ ಟನ್‌ಗಳ ಕೋಷ್ಟಕದಲ್ಲಿ ‘665,7’ ಎಂದಿರುವುದನ್ನು ನಮ್ಮ ಕಂಪ್ಯೂಟರಿನ ಎಕ್ಸೆಲ್‌ಗೆ ಹಾಗೆಯೇ ಅಂಟಿಸಿದರೆ ಅದು ತಪ್ಪಾಗಿ ಓದಿಕೊಳ್ಳಬಹುದು. ಮೊದಲು ಚುಕ್ಕಿ ಅಳಿಸಿ, ಆಮೇಲೆ ಅಲ್ಪವಿರಾಮವನ್ನು ಚುಕ್ಕಿ ಮಾಡಿ. ಕ್ರಮ ತಿರುಗಿಸಿದರೆ ಎಲ್ಲವೂ ಎಡವಟ್ಟು.

ಇತ್ತೀಚಿನ ತಿಂಗಳ ಅಂಕಿಗಳು ತಾತ್ಕಾಲಿಕ. ಕಸ್ಟಮ್ಸ್ ಲೆಕ್ಕ ತಡವಾಗಿ ಬರುವುದರಿಂದ ಆಮದು-ರಫ್ತು ಆಮೇಲೆ ತಿದ್ದುಪಡಿಯಾಗುತ್ತದೆ. ಹೊಸ ವರದಿ ಬಂದಾಗ ಹಳೆಯ ತಿಂಗಳುಗಳನ್ನೂ ಮತ್ತೆ ಇಳಿಸಿಕೊಳ್ಳಿ. ದೇಶದೊಳಗಿನ ‘ಬಳಕೆ’ ಎಂದು ಕಾಣುವುದು ಅಡುಗೆಮನೆಯಲ್ಲಿ ಅಳೆದದ್ದಲ್ಲ, ಹೊರಹೋದ ಎಣ್ಣೆಯಲ್ಲಿ ರಫ್ತು ಕಳೆದು ಉಳಿದದ್ದು. ಕಾಯಿಯಿಂದ ಸಿಗುವ ಎಣ್ಣೆಯ ಅಕ್ಟೋಬರ್ ಅಂಕಿಯನ್ನು ಡಿಸೆಂಬರ್ ಜೊತೆ ಹೋಲಿಸಬೇಡಿ: ಹಸಿರು ಕಾಯಿಯಲ್ಲಿ ಎಣ್ಣೆ ಕಡಿಮೆ, ಚಳಿ ಬಲಿತ ಮೇಲೆ ನೂರು ಕಿಲೋಗೆ 20 ಕಿಲೋ ದಾಟುತ್ತದೆ. ಕೊಯ್ಲಿನ ಮುಂಚೆ ಮಳೆ ಬಿದ್ದರೆ ಕಾಯಿ ಉಬ್ಬಿ ತೂಕ ಹೆಚ್ಚುತ್ತದೆ, ಶೇಕಡಾವಾರು ಎಣ್ಣೆ ಇಳಿಯುತ್ತದೆ.

ದೊಡ್ಡ ಕೊರತೆ ಒಂದೇ: ಎಷ್ಟು ಎಕ್ಸ್ಟ್ರಾ ವರ್ಜಿನ್, ಎಷ್ಟು ರಿಫೈನರಿಗೆ ಹೋಗಬೇಕಾದ ಒರಟು ಎಣ್ಣೆ ಎಂದು ಉತ್ಪಾದನೆಯಲ್ಲಿ ಬೇರ್ಪಡಿಸುವುದಿಲ್ಲ. ಅದನ್ನು ತಿಳಿಯಲು ಹಾಯೆನ್ ಊರಿನಿಂದ ಬರುವ, ಗಾಣದ ಮಟ್ಟದ ಮಾರಾಟದ ಬೆಲೆ ದಾಖಲಿಸುವ ಪೂಲ್‌ರೆಡ್ ವ್ಯವಸ್ಥೆಯ ಧಾರಣೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಎರಡು ದರ್ಜೆಗಳ ನಡುವಿನ ಬೆಲೆಯ ಅಂತರ ಹಿಗ್ಗಿದರೆ ಒಳ್ಳೆಯ ಎಣ್ಣೆ ಬಿಗಿಯಾಗುತ್ತಿದೆ ಎಂದು ಊಹಿಸಬಹುದು.

ಒಟ್ಟಿನಲ್ಲಿ ಈ ವರದಿಗೆ ಐದಕ್ಕೆ ನಾಲ್ಕು ಅಂಕ. ಉಪ್ಪಿನ ನೀರಲ್ಲಿ ಹಾಕಿಡುವ ಆಲಿವ್ ಕಾಯಿಯ ವ್ಯಾಪಾರದವರಿಗೆ ಬೇರೆಯದೇ ವರದಿ ಇದೆ, ಅದರ ವರ್ಷ ಸೆಪ್ಟೆಂಬರ್ 1ಕ್ಕೇ ಶುರು. ಓಹಿಬ್ಲಾಂಕಾ ಎಂಬ ಆಲಿವ್ ತಳಿ ಎಣ್ಣೆಗೂ ಉಪ್ಪಿನ ನೀರಿಗೂ ಹೋಗುವುದರಿಂದ ಎಣ್ಣೆಯವರೂ ಅದರ ಮೇಲೆ ಒಂದು ಕಣ್ಣಿಡಲಿ.