ತೊರಕೆಯ ಮುಳ್ಳಿಗೆ ಹೆದರಿ ಕೊಂಡ ಬೂಟು: ನಾಲ್ಕು ವರ್ಷಗಳ ನಂತರ

ಈ ಬೂಟುಗಳನ್ನು ಕೊಂಡ ನಾಲ್ಕು ವರ್ಷಗಳಲ್ಲಿ ತೊರಕೆ (ಸ್ಟಿಂಗ್‌ರೇ) ಮೀನಿನ ಬಾಲದ ಮುಳ್ಳು ಅವುಗಳಿಗೆ ತಗುಲಿದ್ದು ಒಂದೇ ಸಲ. ಆ ಸಲ ಬೂಟು ತನ್ನ ಕೆಲಸ ಮಾಡಿತು, ನಾನು ನನ್ನ ಕೆಲಸ ಮಾಡಿರಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಇವು ಎಲ್ಲಿ, ಹೇಗೆ ಸವೆದವು ಎಂಬುದನ್ನು ಹೇಳಬೇಕು. ಟೆಕ್ಸಾಸ್‌ನ ದಕ್ಷಿಣ ಕರಾವಳಿಯಲ್ಲಿ ಪಾಡ್ರೆ ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವೆ ಉದ್ದಕ್ಕೆ ಮಲಗಿರುವ ಹಿನ್ನೀರು ಲಗೂನಾ ಮಾಡ್ರೆ. ಬಹುಭಾಗ ಮೊಣಕಾಲಿನಿಂದ ಸೊಂಟದವರೆಗಿನ ಆಳ, ತಳದಲ್ಲಿ ಕಡಲಹುಲ್ಲು, ಹುಲ್ಲಿನ ನಡುವೆ ಅಲ್ಲಲ್ಲಿ ಬೋಳು ಮರಳಿನ ಗುಂಡಿಗಳು. ಅಲ್ಲಿ ಸೀ ಟ್ರೌಟ್ ಹಿಡಿಯಲು ನೀರಿಗಿಳಿದು ನಡೆಯುವುದೇ ಲೇಸು. ದೋಣಿಯ ತಳಕ್ಕೆ ಅಲೆ ಬಡಿಯುವ ಸದ್ದು ಕೇಳಿದರೂ ದೊಡ್ಡ ಮೀನು ಜಾಗ ಖಾಲಿ ಮಾಡುತ್ತದೆ. ಅಂದಹಾಗೆ, ಹೆಸರಿನಲ್ಲಿ ಟ್ರೌಟ್ ಇದ್ದರೂ ಈ ಚುಕ್ಕೆಮೀನು ಟ್ರೌಟ್ ಅಲ್ಲ, ಕ್ರೋಕರ್ ಎಂಬ ಸದ್ದು ಮಾಡುವ ಮೀನುಗಳ ಬಳಗದ್ದು. ಗಂಡು ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಕಂಪಿಸಿ ಗುರುಗುಟ್ಟುತ್ತವೆ. ಗಾತ್ರದಲ್ಲಿ ನಿಜವಾಗಿ ದೊಡ್ಡದಾಗುವುದು ಸದ್ದಿಲ್ಲದ ಹೆಣ್ಣು.

ನಾನು ಕೊಂಡದ್ದು 2021ರ ವಸಂತದಲ್ಲಿ. ಅದಕ್ಕಿಂತ ಕೆಟ್ಟ ಮುಹೂರ್ತ ಸಿಗುತ್ತಿರಲಿಲ್ಲ. ಆ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಸುಮಾರು 38 ಲಕ್ಷ ಮೀನುಗಳು ಸತ್ತವೆಂದು ರಾಜ್ಯದ ವನ್ಯಜೀವಿ ಇಲಾಖೆ ಅಂದಾಜಿಸಿತ್ತು, ಲಗೂನಾ ಮಾಡ್ರೆಗೆ ಬಿದ್ದ ಪೆಟ್ಟು ದೊಡ್ಡದು. ಆಳವಿಲ್ಲದ ನೀರು ಒಂದೆರಡು ರಾತ್ರಿಗಳಲ್ಲೇ ತಣ್ಣಗಾಗುತ್ತದೆ, ಆಳದ ಕಾಲುವೆ ಸೇರಲಾಗದ ಮೀನು ಸಾಯುತ್ತದೆ. ಹಾಗಾಗಿ ಮೊದಲ ವರ್ಷ ನಾನು ಮೀನು ಹಿಡಿದದ್ದಕ್ಕಿಂತ ನಡೆದದ್ದೇ ಹೆಚ್ಚು. ಬೂಟು ಪರೀಕ್ಷೆಗೆ ಅದು ಒಳ್ಳೆಯದೇ ಆಯಿತೆನ್ನಿ.

ನೋಡಲು ಇವು ಸಾಮಾನ್ಯ ಬೂಟಿನ ಮೇಲೆ ರಕ್ಷಾಕವಚ ಹೊಲಿದಂತಿವೆ. ಪಾದದ ಮೇಲ್ಭಾಗದಿಂದ ಮೊಣಕಾಲಿನ ಕೆಳಗಿನವರೆಗೆ ಬಟ್ಟೆಯ ಪದರಗಳ ನಡುವೆ ಗಟ್ಟಿ ಪ್ಲಾಸ್ಟಿಕ್ ಹಾಳೆಗಳು, ಪಕ್ಕದಲ್ಲಿ ಜಿಪ್, ಮೇಲೆ ಬಿಗಿಯುವ ಪಟ್ಟಿ, ರಬ್ಬರ್ ಅಡಿ. ತೊರಕೆ ಮರಳಿನಲ್ಲಿ ಹೂತುಕೊಂಡು ಮಲಗಿರುತ್ತದೆ. ಬೆನ್ನ ಮೇಲೆ ಕಾಲಿಟ್ಟರೆ ಬಾಲವನ್ನು ಚಾಟಿಯಂತೆ ಮೇಲಕ್ಕೆ ಬೀಸುತ್ತದೆ, ಬಾಲದ ಗರಗಸದಂಥ ಮುಳ್ಳು ಸಾಮಾನ್ಯವಾಗಿ ನಾಟುವುದು ಪಾದಕ್ಕೆ ಅಥವಾ ಹರಡಿನ ಸುತ್ತ. ಕವಚ ಇರುವುದು ಸರಿಯಾಗಿ ಅಷ್ಟೇ ಜಾಗಕ್ಕೆ. ಅದಕ್ಕಿಂತ ಮೇಲೆ ಚುಚ್ಚಿದರೆ ನಿಮಗೆ ದಿಕ್ಕಿಲ್ಲ.

ಬೂಟು ಇರಲಿ ಬಿಡಲಿ, ಇಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ ಕಾಲೆಳೆದು ನಡೆಯುವುದು. ಹೆಜ್ಜೆ ಎತ್ತಬಾರದು, ಪಾದವನ್ನು ತಳಕ್ಕೆ ಸವರಿಕೊಂಡೇ ಮುಂದೆ ತಳ್ಳಬೇಕು. ಆ ನಡುಕಕ್ಕೇ ತೊರಕೆ ಎದ್ದು ಹೋಗುತ್ತದೆ. ಬೆನ್ನ ಮೇಲೆ ತುಳಿಯದೆ ಬದಿಗೆ ತಾಗಿದರೆ ಅದಕ್ಕೆ ಓಡುವುದೇ ಸುಲಭ. ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆಯುತ್ತಿದ್ದ ಆರು ವರ್ಷ ನಾನು ಒಂದೇ ಒಂದು ಹೆಜ್ಜೆ ಎತ್ತಿರಲಿಲ್ಲ. ಕವಚ ಬಂದ ಮೇಲೆ ನನಗೇ ತಿಳಿಯದಂತೆ ನಡಿಗೆ ಬದಲಾಯಿತು. ಮೂರನೆಯ ಬೇಸಿಗೆಯ ಒಂದು ಬೆಳಿಗ್ಗೆ, ಇನ್ನೂರು ಅಡಿ ದೂರದಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ನುಣುಪಾದ ಒಂದು ಮಚ್ಚೆ ಕಂಡಿತು. ಮೇಯುವ ಟ್ರೌಟ್‌ಗಳು ತಿಂದು ಕಾರಿದ ಆಹಾರದ ಕೊಬ್ಬು ಮೇಲೆದ್ದು ಹಾಗೆ ಹರಡುತ್ತದೆ, ಗಾಳಿ ನಿಮ್ಮತ್ತ ಬೀಸಿದರೆ ಕೊಯ್ದ ಕಲ್ಲಂಗಡಿಯ ವಾಸನೆ. ಮೂಗಿಗೆ ಅದು ಬಡಿದ ಮೇಲೆ ನನಗೆ ಬುದ್ಧಿ ಎಲ್ಲಿತ್ತು? ದಾಪುಗಾಲು ಹಾಕಿದೆ. ನಾಲ್ಕನೆಯ ಹೆಜ್ಜೆಗೆ ತಳ ಮೆತ್ತಗೆ ಹೊರಳಿತು, ಹರಡಿನ ಹೊರಬದಿಗೆ ಯಾರೋ ಕೋಲಿನಿಂದ ಕುಟ್ಟಿದ ಹಾಗಾಯಿತು. ದಡಕ್ಕೆ ಬಂದು ನೋಡಿದರೆ ಹೊರಬಟ್ಟೆಯಲ್ಲಿ ತೂತು, ಒಳಗಿನ ಹಾಳೆಯಲ್ಲಿ ಗೀರು, ಚರ್ಮಕ್ಕೆ ಏನೂ ಇಲ್ಲ.

ಹಾಗಾದರೆ 130 ಡಾಲರ್ ವಸೂಲಾಯಿತೇ? ಅರ್ಧ. ಉಳಿದ ಅರ್ಧವನ್ನು ನಾನು ಈ ಬೂಟಿನ ಲೆಕ್ಕಕ್ಕೆ ಬರೆಯಲಾರೆ, ಏಕೆಂದರೆ ಕ್ಯಾನ್ವಾಸ್ ಶೂ ಇದ್ದಿದ್ದರೆ ನಾನು ಹಾಗೆ ನಡೆಯುತ್ತಲೇ ಇರಲಿಲ್ಲ. ನನ್ನ ಜೊತೆ ಬರುವ ಗೆಳೆಯ ಬೂಟಿಲ್ಲದೆ ಒಮ್ಮೆ ಚುಚ್ಚಿಸಿಕೊಂಡಿದ್ದ. ಆ ನೋವನ್ನು ಪಕ್ಕದಲ್ಲಿ ನಿಂತು ನೋಡಿದ್ದೇ ಸಾಕು. ಕಾಲು ತಡೆಯುವಷ್ಟು ಬಿಸಿ ನೀರಿನಲ್ಲಿ, ಎಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಒಂದು ಗಂಟೆಗೂ ಮಿಗಿಲಾಗಿ ಪಾದ ಇಟ್ಟುಕೊಂಡ ಮೇಲೆ ನೋವು ಇಳಿಯಿತು. ವಿಷ ಪ್ರೋಟೀನಿನದ್ದು, ಶಾಖಕ್ಕೆ ಕೆಡುತ್ತದೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದಾದ್ದರಿಂದ ಆಸ್ಪತ್ರೆಗೆ ಹೋಗುವುದು ತಪ್ಪಲಿಲ್ಲ. ಅಂದಿನಿಂದ ನಮ್ಮ ವಾಹನದಲ್ಲಿ ಯಾವಾಗಲೂ ಎರಡು ಥರ್ಮಾಸ್ ಇರುತ್ತವೆ, ಕಾಫಿಗೆ ಒಂದು, ಕಾಲಿಗೆ ಒಂದು.

ಜಾಹೀರಾತಿನಲ್ಲಿ ಯಾರೂ ಹೇಳದ ಉಪಯೋಗ ಬೇರೆಯೇ ಇದೆ. ಲಗೂನಾಗೆ ಸೇರಿಕೊಂಡಿರುವ ಬ್ಯಾಫಿನ್ ಕೊಲ್ಲಿಯ ಕಡೆ ಹೋದರೆ ಹಿಂದೆಂದೋ ಕೊಳವೆಹುಳುಗಳು ಕಟ್ಟಿ ಬಿಟ್ಟುಹೋದ ಕಲ್ಲುದಿಬ್ಬಗಳಿವೆ. ದೊಡ್ಡ ಟ್ರೌಟ್ ಅವುಗಳ ಅಂಚಿನಲ್ಲೇ ಹೊಂಚು ಹಾಕುತ್ತದೆ, ಆ ಅಂಚು ಮೊಣಕಾಲಿನ ಕೆಳಗಿನ ಚರ್ಮವನ್ನು ತುರಿಮಣೆಯಂತೆ ಹೆರೆಯುತ್ತದೆ. ಉತ್ತರದ ಕೊಲ್ಲಿಗಳಲ್ಲಿ ಅದೇ ಕೆಲಸಕ್ಕೆ ಸಿಂಪಿ ಚಿಪ್ಪುಗಳಿವೆ. ಬೇಸಿಗೆಯ ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸಣ್ಣ ಗಾಯದಿಂದ ಒಳಹೊಕ್ಕು, ಅದರಲ್ಲೂ ಯಕೃತ್ತಿನ ಕಾಯಿಲೆ ಇರುವವರಿಗೆ, ಪ್ರಾಣಕ್ಕೇ ಎರವಾಗಬಲ್ಲದು. ನಾಲ್ಕು ವರ್ಷಗಳಲ್ಲಿ ನನ್ನ ಕಾಲಿಗೆ ಒಂದು ಗೀರೂ ಬಿದ್ದಿಲ್ಲ. ತೊರಕೆಯನ್ನು ಮರೆತು ಇದೊಂದಕ್ಕೇ ಕೊಂಡಿದ್ದರೂ ನಾನು ದೂರುತ್ತಿರಲಿಲ್ಲ.

ಇನ್ನು ದೂರುಗಳು. ಜಿಪ್ಪು. ಲಗೂನಾಗೆ ಹರಿದು ಬರುವ ಸಿಹಿನೀರು ಕಡಿಮೆ, ಆವಿಯಾಗುವ ನೀರು ಹೆಚ್ಚು, ಹೀಗಾಗಿ ಅದು ಎಷ್ಟೋ ಸಲ ಕಡಲಿಗಿಂತ ಉಪ್ಪಾಗಿರುತ್ತದೆ. ಅಂಥ ನೀರಿನ ಬೂಟಿಗೆ ಲೋಹದ ಎಳೆಗುಂಡಿ ಹಾಕಿದ ಮಹಾನುಭಾವ ಒಮ್ಮೆಯೂ ಅದರಲ್ಲಿ ಇಳಿದಿರಲಾರ. ಹನ್ನೊಂದನೆಯ ತಿಂಗಳಿಗೆ ಬಲಗಾಲಿನದು ಹಸಿರುಗಟ್ಟಿ ನಿಂತಿತು. ಇಕ್ಕಳದಿಂದ ಎಳೆದಾಗ ಮುರಿಯಿತು. ತಯಾರಕರಿಗೆ ಚಿತ್ರಸಹಿತ ಬರೆದೆ, ಇದು ಸಹಜ ಸವಕಳಿ ಎಂದು ಉತ್ತರ ಬಂತು. ಚಮ್ಮಾರನ ಬಳಿ ಪ್ಲಾಸ್ಟಿಕ್ ಜಿಪ್ ಹಾಕಿಸಿಕೊಂಡೆ, ಅದು ಇಂದಿಗೂ ಓಡುತ್ತಿದೆ. ಎಡಗಾಲಿನ ಮೂಲ ಜಿಪ್ ಮಾತ್ರ ಹಟಮಾರಿಯಂತೆ ಉಳಿದಿದೆ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ಮೇಣ ಉಜ್ಜುವ ಷರತ್ತಿನ ಮೇಲೆ.

ಅಡಿ ಕಿತ್ತುಬಂದದ್ದಕ್ಕೆ ಮಾತ್ರ ಹೊಣೆ ನಾನೇ. ಒದ್ದೆ ಬೂಟನ್ನು ಆಗಸ್ಟಿನ ಬಿಸಿಲಿನಲ್ಲಿ ಕಾರಿನ ಡಿಕ್ಕಿಯೊಳಗೆ ಎರಡು ದಿನ ಬಿಟ್ಟೆ, ಅಂಟು ಸೋತಿತು. ನಿಯೊಪ್ರೀನ್ ಅಂಟು ಹಚ್ಚಿ ಭಾರ ಹೇರಿ ಕೂರಿಸಿದೆ, ಸದ್ಯಕ್ಕೆ ಹಿಡಿದಿದೆ. ಕೆಸರಿನ ವಿಷಯ ಇನ್ನೊಂದು. ಗಟ್ಟಿ ಮರಳಿನ ಮೇಲೆ ಇವು ರಾಜನಂತೆ ನಡೆಸುತ್ತವೆ, ಮೆತ್ತನೆಯ ಕೆಸರಿಗೆ ಬಂದರೆ ನೀರು ಕುಡಿದ ಭಾರವೂ ಸೇರಿ ಕಾಲನ್ನು ಬಿಡುವುದಿಲ್ಲ. ಅಲ್ಲಿ ನೇರ ಮೇಲಕ್ಕೆ ಎಳೆದರೆ ಬೂಟು ಒಳಗೇ ಉಳಿಯುತ್ತದೆ. ಹಿಮ್ಮಡಿಯನ್ನು ಸ್ವಲ್ಪ ತಿರುಗಿಸಿ, ಗಾಳಿ ಒಳಹೋಗಲು ಬಿಟ್ಟು, ಆಮೇಲೆ ಎತ್ತಬೇಕು.

ಈಗ ಮೀನು ಮರಳಿ ಬಂದಿದೆ, ನಿಯಮವೂ ಬಿಗಿಯಾಗಿದೆ. 2024ರಿಂದ ಟೆಕ್ಸಾಸ್‌ನಲ್ಲಿ ದಿನಕ್ಕೆ ಮೂರು, ಅದೂ 15ರಿಂದ 20 ಅಂಗುಲದವು. ಮೂರು ಮೀನಿಗೆ ಓಡುವ ಅಗತ್ಯವಿಲ್ಲ, ನಾನು ಮತ್ತೆ ಕಾಲೆಳೆಯುತ್ತಿದ್ದೇನೆ. ಇವು ಸವೆದು ಮುಗಿದ ಮೇಲೆ ಮತ್ತೆ ಇಂಥದ್ದನ್ನೇ ಕೊಳ್ಳುತ್ತೇನೆ, ಆದರೆ ಜಿಪ್ ಇಲ್ಲದ, ಲಾಡಿ ಕಟ್ಟುವ ಮಾದರಿಯನ್ನು. ಕೊಳ್ಳುವವರು ಅಳತೆಯಲ್ಲಿ ಒಂದು ಸೈಜು ದೊಡ್ಡದನ್ನೇ ಆರಿಸಿ. ಮರಳು ಹೇಗಿದ್ದರೂ ಒಳಗೆ ಬರುತ್ತದೆ, ದಪ್ಪ ಕಾಲುಚೀಲಕ್ಕೆ ಜಾಗ ಬೇಕು. ಜನವರಿಯಲ್ಲಿ ಎದೆಮಟ್ಟದ ವೇಡರ್ (ನೀರು ಒಳಬಿಡದ ಉದ್ದ ಉಡುಪು) ತೊಟ್ಟು ಅದರ ಮೇಲೆ ಇದನ್ನು ಹಾಕಲು ಹೋಗಿ ನಾನು ಒಮ್ಮೆ ಕತ್ತಲಲ್ಲಿ ಇಪ್ಪತ್ತು ನಿಮಿಷ ಒಂಟಿಗಾಲಿನಲ್ಲಿ ಕುಣಿದಿದ್ದೇನೆ.