ದೊಡ್ಡಮ್ಮನ 18 ಲಕ್ಷ ಮತ್ತು ಬೀಗ ಹಾಕಿದ ವಾರ್ಡು

ಇದನ್ನು ಬರೆಯೋದೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಬರೆದರೆ ಮೊದಲು ಹೊರಬೀಳೋದು ನನ್ನ ದಡ್ಡತನವೇ. ಬೀಳಲಿ. ಮನೆಯ ಹಿರಿಯರಿಗೆ ಅಂತ ಚಿಕ್ಕಮಗಳೂರು ಕಡೆ ಸೀನಿಯರ್ ಲಿವಿಂಗ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ದೊಡ್ಡಮ್ಮನಿಗೆ 76. ಮಕ್ಕಳಿಲ್ಲ. ದೊಡ್ಡಪ್ಪ ಹೋದ ಮೇಲೆ ಹಾಸನದ ಸಾಲಗಾಮೆ ರಸ್ತೆ ಕಡೆಯ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಮನೆಗೆ ಕರೆದರೆ "ಯಾರಿಗೂ ಭಾರ ಆಗಲ್ಲ ಮಗಾ" ಎನ್ನುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಈ ಜಾಗ. ವರಾಂಡದಲ್ಲಿ ಕೂತರೆ ಮುಳ್ಳಯ್ಯನಗಿರಿ ಕಾಣುತ್ತದೆ. ಅಚ್ಚುಕಟ್ಟಾದ ಕಾಟೇಜುಗಳು. ಮಧ್ಯಾಹ್ನ ಅಕ್ಕಿರೊಟ್ಟಿ, ಆಮೇಲೆ ಕಾಫಿ. ಕಾಫಿ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು.

ಮ್ಯಾನೇಜರ್ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಒಂದ್ಸಲ ಸೇರಿದ್ರೆ ಮುಗೀತು ಸಾರ್. ಓಡಾಡೋ ತನಕ ಕಾಟೇಜು, ಕೈಲಾಗದಾಗ ಸಹಾಯಕ್ಕೆ ಜನ, ಹಾಸಿಗೆ ಹಿಡಿದ್ರೆ ನರ್ಸಿಂಗ್ ವಾರ್ಡು. ಕೊನೇವರೆಗೂ ನಾವೇ."

ಕೊನೇವರೆಗೂ. ಈ ಒಂದು ಪದಕ್ಕೆ ನಾವು ದೊಡ್ಡಮ್ಮನ ಮನೆ ಮಾರಿದೆವು. 18 ಲಕ್ಷ ಡೆಪಾಸಿಟ್ಟು, ತಿಂಗಳಿಗೆ 22 ಸಾವಿರ ಬೇರೆ. ಕಾಟೇಜು ನಮ್ಮ ಹೆಸರಿಗೇನೂ ರಿಜಿಸ್ಟರ್ ಆಗಲ್ಲ, ವಾಸದ ಹಕ್ಕು ಮಾತ್ರ.

ಅವತ್ತು ನರ್ಸಿಂಗ್ ವಾರ್ಡು ತೋರಿಸಿ ಅಂತ ನಾನು ಕೇಳಿದ್ದೆ. ಕೇಳಿಲ್ಲ ಅಂತಲ್ಲ. ಮ್ಯಾನೇಜರ್ ಬಾಗಿಲ ತನಕ ಕರೆದುಕೊಂಡು ಹೋಗಿ ತುಟಿ ಮೇಲೆ ಬೆರಳಿಟ್ಟರು. "ಒಳಗೆ ಪೇಷೆಂಟ್ ಮಲಗಿದಾರೆ ಸಾರ್, ಈಗ ತಾನೇ ನಿದ್ದೆ ಹತ್ತಿದೆ." ನಾನು ಚಪ್ಪಲಿ ಸದ್ದಾಗದ ಹಾಗೆ ಮೆಲ್ಲಗೆ ವಾಪಸ್ ಬಂದೆ. ಪಾಪ, ಯಾರದೋ ನಿದ್ದೆ ಕೆಡಿಸಬಾರದು ಅಂತ!

ಐದನೇ ತಿಂಗಳು ದೊಡ್ಡಮ್ಮ ರಾತ್ರಿ ಎರಡರ ಸುಮಾರಿಗೆ ಬಚ್ಚಲಲ್ಲಿ ಜಾರಿಬಿದ್ದರು. ಬೆಲ್ ಒತ್ತಿದ್ದಾರೆ, ಯಾರೂ ಬಂದಿಲ್ಲ. ಬೆಳಿಗ್ಗೆ ಹಾಲು ತಂದ ಹುಡುಗ ನೋಡಿದ್ದು. ನನಗೆ ಬಂದ ಫೋನು ಹೀಗಿತ್ತು: "ಅಜ್ಜಿ ಸ್ವಲ್ಪ ಜಾರಿದಾರೆ ಸಾರ್, ನೀವು ಬಂದು ಆಸ್ಪತ್ರೆಗೆ ತೋರಿಸ್ತೀರಾ?" ನಾನಿರುವುದು ಹಾಸನದಲ್ಲಿ. ಬೇಲೂರು ಮೇಲೆ 60 ಕಿಲೋಮೀಟರ್. ನಿಮ್ಮ ಆಂಬುಲೆನ್ಸ್ ಎಲ್ಲಿ ಅಂದರೆ "ಡ್ರೈವರ್ ರಜೆ ಸಾರ್." ಕೊನೆಗೆ 108ಕ್ಕೆ ಫೋನ್ ಮಾಡಿದ್ದೂ ನಾನೇ, ಹಾಸನದಲ್ಲಿ ಕೂತುಕೊಂಡು.

ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ಸೀದಾ ಅಲ್ಲಿಗೇ ಕರೆದುಕೊಂಡು ಹೋದೆ. ವಾರ್ಡು ಇದೆಯಲ್ಲ!

"ಇಂಥ ಕೇಸು ನಾವು ತಗೊಳ್ಳಲ್ಲ ಸಾರ್. ನಮ್ದು ಓಡಾಡೋರಿಗೆ ಮಾತ್ರ."

"ಮತ್ತೆ ನರ್ಸಿಂಗ್ ವಾರ್ಡು?"

"ಅದು ಸೆಕೆಂಡ್ ಫೇಸು."

ನಾನು ಹಟ ಹಿಡಿದು ಬೀಗ ತೆಗೆಸಿದೆ. ಒಳಗೆ ನಾಲ್ಕು ಮಂಚ, ಹಾಸಿಗೆಗಳ ಪ್ಲಾಸ್ಟಿಕ್ಕೇ ಬಿಚ್ಚಿಲ್ಲ. ಮೂಲೆಯಲ್ಲಿ ಪೇಂಟ್ ಡಬ್ಬ, ಮುರಿದ ಕುರ್ಚಿ. ಎಲ್ಲದರ ಮೇಲೂ ಧೂಳು. ಅಲ್ಲಿ ಯಾವತ್ತೂ ಯಾರೂ ಮಲಗಿರಲಿಲ್ಲ. ಪೇಂಟ್ ಡಬ್ಬದ ನಿದ್ದೆ ಕೆಡದಿರಲಿ ಅಂತ ನಾನು ತುದಿಗಾಲಲ್ಲಿ ನಡೆದಿದ್ದೆ. ದೊಡ್ಡಮ್ಮ ಹೊರಗೆ ಕಾರಿನಲ್ಲಿ ಮಲಗಿದ್ದರು. "ಏನಂತೆ ಮಗಾ?" ಅಂದರು. ಏನು ಹೇಳಲಿ?

ದುಡ್ಡು ವಾಪಸ್ ಕೇಳಿದೆ. "ಅಗ್ರಿಮೆಂಟ್ ಓದಿಲ್ವಾ ಸಾರ್?" ಅಂತ ನಕ್ಕರು. ನಿಜ, ಓದಿರಲಿಲ್ಲ. ಸಹಕಾರ ಸಂಘದಲ್ಲಿ 22 ವರ್ಷ ಬೇರೆಯವರ ಸಾಲದ ಪತ್ರ ಓದಿ ಸಹಿ ಹಾಕಿಸಿದವನು ನಾನು. ಒಂಬತ್ತನೇ ಪುಟದಲ್ಲಿದೆ: ಹೆಚ್ಚಿನ ಆರೈಕೆ "ಲಭ್ಯತೆ ಮತ್ತು ಸಂಸ್ಥೆಯ ವಿವೇಚನೆಗೆ ಒಳಪಟ್ಟಿರುತ್ತದೆ." ಬಿಟ್ಟು ಹೋದರೆ ಡೆಪಾಸಿಟ್‌ನಲ್ಲಿ ನೂರಕ್ಕೆ ಇಪ್ಪತ್ತು ಮುರಿದುಕೊಳ್ಳುತ್ತಾರೆ. ಉಳಿದದ್ದು ಆ ಕಾಟೇಜಿಗೆ ಇನ್ನೊಬ್ಬರು ಸೇರಿದ ಮೇಲೆ. ಯಾವಾಗ ಸೇರುತ್ತಾರೆ? "ಅದು ನಮ್ ಕೈಲಿಲ್ಲ ಸಾರ್."

ಅಮೆರಿಕದಲ್ಲಿರುವ ತಂಗಿ ಮಗ ಆಮೇಲೆ ವಿವರಿಸಿದ. ಹೀಗೆ ಕಾಟೇಜಿನಿಂದ ನರ್ಸಿಂಗ್ ತನಕ ಒಂದೇ ಕಡೆ ನೋಡಿಕೊಳ್ಳುವ ಪದ್ಧತಿ ಅಲ್ಲಿ ಹಳೆಯದಂತೆ. ಒಪ್ಪಂದಗಳಿಗೆ ಎ, ಬಿ, ಸಿ ಅಂತ ಹೆಸರಿದೆ. 'ಎ'ಯಲ್ಲಿ ಮೊದಲೇ ದೊಡ್ಡ ಮೊತ್ತ ಕಟ್ಟಬೇಕು. ಮುಂದೆ ನರ್ಸಿಂಗ್ ಬೇಕಾದರೂ ತಿಂಗಳ ಖರ್ಚು ಹೆಚ್ಚೇನೂ ಏರಲ್ಲ. 'ಬಿ'ಯಲ್ಲಿ ಇಷ್ಟು ದಿನದ ಆರೈಕೆ ಅಂತ ಮಿತಿ. 'ಸಿ'ಯಲ್ಲಿ ಸೇರುವಾಗ ಕಮ್ಮಿ, ಆಮೇಲೆ ಆರೈಕೆಗೆ ಆಗಿನ ಪೂರ್ತಿ ರೇಟು. ನಮ್ಮ ಹತ್ತಿರ 'ಎ' ದುಡ್ಡು ಇಸ್ಕೊಂಡರು, 'ಸಿ'ಯಷ್ಟೂ ಕೊಡಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ: ವಾರ್ಡಿನ ಒಳಗೆ ಕಾಲಿಡಿ, ಯಾರು ಮಲಗಿದ್ದರೂ ಸರಿ. ಹೇಳದೆ ಕೇಳದೆ ರಾತ್ರಿ ಹೊತ್ತು ಒಂದ್ಸಲ ಹೋಗಿ. "ಮೂಳೆ ಮುರಿದರೆ, ಮರೆವು ಬಂದರೆ ಇಟ್ಟುಕೊಳ್ಳುತ್ತೀರಾ" ಅಂತ ಕೇಳಿ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ. ಮನೆ ಮಾತ್ರ ಮಾರಬೇಡಿ. ಆರು ತಿಂಗಳು ಬಾಡಿಗೆಗೆ ಕೊಟ್ಟು ನೋಡಬಹುದಿತ್ತು, ನಮಗೆ ಹೊಳೆಯಲೇ ಇಲ್ಲ.

ಈಗ ವಕೀಲರನ್ನು ಕಂಡಿದ್ದೇನೆ. 2019ರ ಗ್ರಾಹಕ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಹಾಸನದಲ್ಲೇ ಹಾಕುತ್ತೇವೆ. ಗ್ರಾಹಕರ ಸಹಾಯವಾಣಿ 1915, ಹಿರಿಯರ ಸಹಾಯವಾಣಿ 14567. ಇವೆರಡನ್ನೂ ನಾನು ಬರೆದಿಟ್ಟುಕೊಂಡಿದ್ದು ಎಲ್ಲಾ ಮುಗಿದ ಮೇಲೆ.

ದೊಡ್ಡಮ್ಮ ಈಗ ನಮ್ಮ ಹಾಲ್‌ನಲ್ಲಿ ಮಂಚದ ಮೇಲಿದ್ದಾರೆ. ಅವರ ಗೋದ್ರೇಜ್ ಬೀರು, ದೇವರ ಪೆಟ್ಟಿಗೆ ಇನ್ನೂ ಆ ಕಾಟೇಜಿನಲ್ಲೇ ಇದೆ. ನಿನ್ನೆ ಅಲ್ಲಿಂದ ಮೆಸೇಜು ಬಂತು. ಸಾಮಾನು ಖಾಲಿ ಮಾಡುವ ತನಕ ದಿನಕ್ಕೆ 300 ರೂಪಾಯಿ ಬಾಡಿಗೆಯಂತೆ. ಕೆಳಗೆ ಕೈಮುಗಿದ ಚಿತ್ರ ಬೇರೆ.